ಹೊತ್ತಿಲ್ಲದವರ ಜಪ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳದ್ದು ಒಂದೇ ದೂರು: ಹೊತ್ತು ಸಾಲುವುದಿಲ್ಲ. ಜಪವೋ ಧ್ಯಾನವೋ ಯಂತ್ರಪೂಜೆಯೋ, ಉತ್ಸಾಹದಿಂದ ಶುರು ಮಾಡಿದವರು ತಿಂಗಳೊಳಗೆ ಕೈಬಿಟ್ಟಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು. ಜಾತಕ ಕಳಿಸಿದವರ ಲಕೋಟೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ನನಗೆ ಜಾತಕ ನೋಡಲು ಬರುವುದಿಲ್ಲ. ಎಷ್ಟು ಸಲ ಬರೆದರೂ ನೀವು ಕೇಳುವುದಿಲ್ಲ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಎರಡು ವರ್ಷದ ಮಗು ಇದೆ. ಮದುವೆಗೆ ಮುಂಚೆ ದಿನಾ ಬೆಳಗ್ಗೆ ಲಲಿತಾ ಸಹಸ್ರನಾಮ ಹೇಳಿ ಅರ್ಧ ಗಂಟೆ ಧ್ಯಾನಕ್ಕೆ ಕೂರುತ್ತಿದ್ದೆ. ಈಗ ಸಿಗುವುದು ಹೆಚ್ಚೆಂದರೆ 15 ನಿಮಿಷ. ಮುನ್ನೂರನೆಯ ನಾಮದ ಹತ್ತಿರ ಬರುವಷ್ಟರಲ್ಲಿ ಮಗು ಏಳುತ್ತದೆ, ಪುಸ್ತಕ ಮುಚ್ಚುತ್ತೇನೆ. ಉಳಿದದ್ದನ್ನು ಸಂಜೆ ಹೇಳಬಹುದೇ? ಅರ್ಧಕ್ಕೆ ಬಿಟ್ಟರೆ ದೋಷವೇ? (ದಾವಣಗೆರೆ)

ಉತ್ತರ: ದೋಷದ ಮಾತು ಆಮೇಲೆ. ನೀವು ದಿನಾ ಮಾಡುತ್ತಿರುವುದು ದೊಡ್ಡದೊಂದರ ತುಂಡು. ಅದರ ಬದಲು ಚಿಕ್ಕದೊಂದನ್ನು ಪೂರ್ತಿ ಮಾಡಿ. ಈ ಪುಟದ ಎಲ್ಲ ಉತ್ತರಗಳಲ್ಲೂ ಇದೇ ಮಾತು ಸುತ್ತಿ ಸುತ್ತಿ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ.

ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವಳು. ಸಂಬಳದ ದಿನ ಕೌಂಟರಿನ ಮುಂದೆ ಬಾಗಿಲವರೆಗೂ ಕ್ಯೂ. ಶನಿವಾರ ಮಳೆ ಬಂದರೆ ನಾಲ್ಕೇ ಜನ. ಆದರೆ ಎರಡೂ ದಿನ ಬೆಳಗ್ಗೆ ಓಪನಿಂಗ್ ಬ್ಯಾಲೆನ್ಸ್ ಬರೆಯಲೇಬೇಕು, ಸಂಜೆ ಲೆಕ್ಕ ಮುಚ್ಚಲೇಬೇಕು. ನಿತ್ಯದ ಸಾಧನೆಯೂ ಹೀಗೆಯೇ. ನಡುವಿನದ್ದನ್ನು ಎಷ್ಟು ಬೇಕಾದರೂ ಕುಗ್ಗಿಸಿ. ಶುರುವಿನ ಸಂಕಲ್ಪ, ಕೊನೆಯ ಸಮರ್ಪಣೆ ಮಾತ್ರ ಇರಲೇಬೇಕು. ಬಾಗಿಲು ತೆರೆದು ಹಾಗೇ ಎದ್ದು ಹೋದರೆ ಮನಸ್ಸು ಇಡೀ ದಿನ ಏನೋ ಬಾಕಿ ಉಳಿಯಿತು ಎಂದು ಗೊಣಗುತ್ತದೆ. ಕೊನೆಗೆ ಆ ಗೊಣಗಾಟ ಸಾಕಾಗಿಯೇ ಜನ ಸಾಧನೆ ಬಿಡುತ್ತಾರೆ, ಹೊತ್ತು ಸಾಲದೆ ಅಲ್ಲ.

ಚಿಕ್ಕದು ಯಾವುದು? ಅದನ್ನು ನಾವು ಹೊಸದಾಗಿ ಹುಡುಕಬೇಕಿಲ್ಲ, ಹಿಂದಿನವರೇ ಮಾಡಿಟ್ಟಿದ್ದಾರೆ. ಬ್ರಹ್ಮಾಂಡ ಪುರಾಣದ ಲಲಿತೋಪಾಖ್ಯಾನದಲ್ಲಿ ದೇವಿಯ 25 ನಾಮಗಳಿವೆ. ಸಿಂಹಾಸನೇಶೀ, ಲಲಿತಾ, ಮಹಾರಾಜ್ಞೀ ಎಂದು ಶುರುವಾಗುತ್ತವೆ. ನಿಧಾನವಾಗಿ ಹೇಳಿದರೂ ಎರಡು ನಿಮಿಷ. ಇವು ಸಹಸ್ರನಾಮದ ಬಡ ತಂಗಿ ಎಂದು ತಿಳಿಯಬೇಡಿ. ತಮ್ಮಷ್ಟಕ್ಕೆ ತಾವೇ ಒಂದು ಪೂರ್ತಿ ಸ್ತುತಿ ಇವು.

ಪೂಜೆಗೆ ಮಾನಸಪೂಜೆ ಇದೆ. ಇದಕ್ಕೆ ತಟ್ಟೆ ಬೇಡ, ಹೂ ಬಿಡಿಸುವುದು ಬೇಡ, ಗಂಟೆ ಬೇಡ (ಮಗು ಏಳುವುದೇ ಗಂಟೆ ಸದ್ದಿಗೆ ಅಲ್ವಾ?). ಐದೇ ಉಪಚಾರ, ಒಂದೊಂದಕ್ಕೂ ಒಂದು ಬೀಜಾಕ್ಷರ, ಒಂದು ಭೂತ. 'ಲಂ' ಭೂಮಿ, ಅದು ಗಂಧ. 'ಹಂ' ಆಕಾಶ, ಹೂವು. 'ಯಂ' ಗಾಳಿ, ಧೂಪ. 'ರಂ' ಬೆಂಕಿ, ದೀಪ. 'ವಂ' ಅಮೃತ, ನೈವೇದ್ಯ. ಕಣ್ಣು ಮುಚ್ಚಿ ಒಂದೊಂದನ್ನೂ ಒಂದೊಂದು ಉಸಿರಿನಲ್ಲಿ ಅರ್ಪಿಸಿ. ಆತುರ ಬೇಡ. ಗಂಧ ಎಂದಾಗ ಸಾಣೆಕಲ್ಲಿನ ಮೇಲೆ ಕೊರಡು ತೇಯುವಾಗ ಬರುವ ವಾಸನೆ ಮೂಗಿಗೆ ಬರುವವರೆಗೂ ಕಾಯಿರಿ. ಬರುತ್ತದೆ. ಮೊದಲ ವಾರ ಬರದಿದ್ದರೆ ಎರಡನೆಯ ವಾರ ಬರುತ್ತದೆ. ನಿಜವಾದ ಪೂಜೆಯಲ್ಲಿ ಕೈಯಷ್ಟೇ ಕೆಲಸ ಮಾಡಿ ಮನಸ್ಸು ಇಡ್ಲಿ ಹಿಟ್ಟಿನ ಕಡೆ ಓಡಬಹುದು. ಇಲ್ಲಿ ಹಾಗೆ ಆಗುವುದಿಲ್ಲ. ಮನಸ್ಸು ಓಡಿದರೆ ಪೂಜೆಯೇ ನಿಂತುಹೋಗುತ್ತದೆ. ಅದಕ್ಕೇ ಇದು ಸುಲಭವಲ್ಲ, ಬರೀ ಚಿಕ್ಕದು.

ಹಾಗಾದರೆ ನಿಮ್ಮ 15 ನಿಮಿಷ ಹೀಗೆ ಹಂಚಿಹೋಗುತ್ತದೆ. ಕೂತು ಮೂರು ಪ್ರಾಣಾಯಾಮ, ಒಂದು ವಾಕ್ಯದ ಸಂಕಲ್ಪ (ಕನ್ನಡದಲ್ಲೇ ಸಾಕು), ಮಾನಸಪೂಜೆ, 25 ನಾಮ. ಆಮೇಲೆ ಐದಾರು ನಿಮಿಷ ಸುಮ್ನೆ ಕೂರುವುದು, ಸಮರ್ಪಣೆ, ನಮಸ್ಕಾರ. ನಡುವೆ ಮಗು ಎದ್ದರೆ ಸುಮ್ನೆ ಕೂರುವ ಭಾಗ ಬಿಡಿ, ಸಮರ್ಪಣೆ ಬಿಡಬೇಡಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡೇ ಅದನ್ನು ಹೇಳಬಹುದು. ಸಹಸ್ರನಾಮ ಶುಕ್ರವಾರಕ್ಕೋ ಹುಣ್ಣಿಮೆಗೋ ಇರಲಿ. ಆ ಹೊತ್ತಿಗೆ ಮಗುವನ್ನು ಅದರ ಅಪ್ಪ ನೋಡಿಕೊಳ್ಳಲಿ.

ಈಗ ದೋಷ. ಮೀಮಾಂಸೆಯವರು (ವೇದದ ವಿಧಿಗಳ ಅರ್ಥ ಬಿಡಿಸುವ ಶಾಸ್ತ್ರದವರು) ಕರ್ಮಗಳಲ್ಲಿ ನಿತ್ಯ, ಕಾಮ್ಯ ಎಂದು ಭೇದ ಮಾಡುತ್ತಾರೆ. ಕಾಮ್ಯ ಎಂದರೆ ಫಲ ಬೇಕೆಂದು ಮಾಡುವುದು. ಅದಕ್ಕೆ ಎಲ್ಲ ಅಂಗಗಳೂ ಇರಲೇಬೇಕು. ನಿತ್ಯಕ್ಕೆ ಹಾಗಿಲ್ಲ. ಮುಖ್ಯ ಭಾಗ ಇದ್ದು, ಉಳಿದದ್ದನ್ನು ಶಕ್ತಿ ಇದ್ದಷ್ಟು ಮಾಡಿದರೂ ಅದು ಆದಂತೆಯೇ. ನಿಮ್ಮದು ನಿತ್ಯ. ನೆಮ್ಮದಿಯಾಗಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ರಾತ್ರಿ ಪಾಳಿ ಮಾಡುತ್ತೇನೆ. ಮನೆಗೆ ಬರುವಾಗ ಬೆಳಗಿನ ಜಾವ ನಾಲ್ಕೂವರೆ. ಬ್ರಾಹ್ಮೀ ಮುಹೂರ್ತದಲ್ಲಿ ಧ್ಯಾನ ಮಾಡಬೇಕು ಎಂದು ಓದಿ, ಬಂದ ಕೂಡಲೇ ಕೂರುತ್ತೇನೆ. ಕೂತಲ್ಲೇ ತೂಕಡಿಕೆ. ಏನು ಮಾಡಲಿ? (ಹೆಬ್ಬಾಳ)

ಉತ್ತರ: ಮಲಗಿ.

ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುತ್ತದೆ. ಸೂರ್ಯ 6 ಗಂಟೆಗೆ ಹುಟ್ಟುವ ದಿನ ಎಂದರೆ 4.24ರಿಂದ 5.12. ಗಡಿಯಾರದ ಪ್ರಕಾರ ನೀವು ಸರಿಯಾದ ಹೊತ್ತಿಗೇ ಕೂತಿದ್ದೀರಿ. ಆದರೆ ಶಾಸ್ತ್ರ ಹೇಳಿದ್ದು ಆ ಹೊತ್ತಿಗೆ ಏಳಬೇಕು ಎಂದು. ನಿದ್ದೆ ಮುಗಿದು, ಇನ್ನೂ ಮಾತುಕತೆ ಶುರುವಾಗದ ಮನಸ್ಸು ಇರುತ್ತದಲ್ಲ, ಆ ಹೊತ್ತಿನ ಬೆಲೆ ಅದು. ಒಂಬತ್ತು ಗಂಟೆ ಹೆಡ್‌ಫೋನ್ ಹಾಕಿಕೊಂಡು ಬೈಸಿಕೊಂಡು ಬಂದ ಮನಸ್ಸಿಗೆ ಅದು ಬರೀ ನಾಲ್ಕೂವರೆ.

ಮಧ್ಯಾಹ್ನ ಎದ್ದು ಸ್ನಾನ ಮಾಡುತ್ತೀರಲ್ಲ, ಆಮೇಲೆ ಕೂತುಕೊಳ್ಳಿ. ಮಧ್ಯಾಹ್ನವೂ ಸಂಧ್ಯೆಯೇ, ಮಾಧ್ಯಾಹ್ನಿಕ ಎಂದು ಒಂದು ಇದ್ದೇ ಇದೆ. ಪಾಳಿ ಬದಲಾಗುತ್ತಿದ್ದರೆ ಸಾಧನೆಯನ್ನು ಗಡಿಯಾರಕ್ಕೆ ಕಟ್ಟಬೇಡಿ, ಸ್ನಾನಕ್ಕೆ ಕಟ್ಟಿ. ಸ್ನಾನ ಆಯಿತು, ಫೋನ್ ಮುಟ್ಟಲಿಲ್ಲ, ಕೂತೆ. ಈ ಮೂರರ ನಡುವೆ ಬೇರೆ ಏನೂ ನುಸುಳಬಾರದು. ಫೋನ್ ನುಸುಳಿತೋ, ಆ ದಿನದ ಕಥೆ ಮುಗಿಯಿತು.

ಕ್ಯಾಬಿನಲ್ಲಿ ಹೋಗುವಾಗ ಮಾನಸಿಕ ಜಪ ಮಾಡಿ. ತುಟಿ ಅಲ್ಲಾಡಬೇಕಿಲ್ಲ. ಮನುಸ್ಮೃತಿ ಮಾನಸ ಜಪವನ್ನು ವಿಧಿಯಜ್ಞಕ್ಕಿಂತ (ವಿಧಿಪ್ರಕಾರ ಮಾಡುವ ಯಜ್ಞಕ್ಕಿಂತ) ಸಾವಿರ ಪಾಲು ಮೇಲೆ ಇಟ್ಟಿದೆ. ಎಣಿಸಲು ಮಾಲೆ ಬೇಡ, ಬಲಗೈ ಸಾಕು. ಉಂಗುರ ಬೆರಳಿನ ನಡುಗೆರೆಯಲ್ಲಿ ಹೆಬ್ಬೆರಳಿಟ್ಟು 1 ಎನ್ನಿ. ಅದೇ ಬೆರಳಿನ ಬುಡ 2. ಕಿರುಬೆರಳಿನ ಬುಡ, ನಡು, ತುದಿ 3, 4, 5. ಉಂಗುರ ಬೆರಳಿನ ತುದಿ 6, ಮಧ್ಯದ ಬೆರಳಿನ ತುದಿ 7. ತೋರುಬೆರಳಿನ ತುದಿ, ನಡು, ಬುಡ 8, 9, 10. ಮಧ್ಯದ ಬೆರಳಿನ ಉಳಿದ ಎರಡು ಗೆರೆ ಮೇರು, ಅದನ್ನು ಮುಟ್ಟುವುದಿಲ್ಲ. ಒಂದು ಸುತ್ತಿಗೆ 10 ಆಯಿತು. ಎಡಗೈಯಲ್ಲಿ ಸುತ್ತುಗಳನ್ನು ಎಣಿಸಿದರೆ 100 ದಾಟುವುದು ಗೊತ್ತೇ ಆಗುವುದಿಲ್ಲ. ದೇವಿ ಮಂತ್ರಗಳಿಗೆ ಈ ಕ್ರಮ ಬೇರೆ ಇದೆ. ಗುರುಗಳಿದ್ದರೆ ಅವರು ಹೇಳಿಕೊಟ್ಟದ್ದೇ ನಿಮಗೆ ಸರಿ. ಆದರೆ ಕ್ಯಾಬಿನ ಜಪ ಮೇಲುಸಂಪಾದನೆ. ಕೂತು ಮಾಡುವುದರ ಬದಲಿಗೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಇಂಗ್ಲಿಷ್ ಪುಸ್ತಕಗಳನ್ನು ನೋಡಿ 'ಗೋಲ್ಡನ್ ಡಾನ್' ಪದ್ಧತಿಯ ಮ್ಯಾಜಿಕ್ ಅಭ್ಯಾಸ ಮಾಡುತ್ತೇನೆ. ಪೆಂಟಗ್ರಾಮ್ (ಐದು ಮೂಲೆಯ ನಕ್ಷತ್ರ) ವಿಧಿ, ಆಮೇಲೆ ಮಿಡಲ್ ಪಿಲ್ಲರ್ (ಮೈಯ ನಡುಗೆರೆಯಲ್ಲಿ ಬೆಳಕಿನ ಗೋಳಗಳನ್ನು ಕಲ್ಪಿಸಿಕೊಳ್ಳುವುದು), ಆಮೇಲೆ ಧ್ಯಾನ. ಎಲ್ಲ ಸೇರಿ ಮುಕ್ಕಾಲು ಗಂಟೆ. ಪಿಜಿ ರೂಮಿನಲ್ಲಿ ಮೂರು ಜನ ಇದ್ದೇವೆ. ಕೈ ಬೀಸುವುದು ನೋಡಿ ಉಳಿದಿಬ್ಬರು ನಗುತ್ತಾರೆ. ಪರೀಕ್ಷೆ ಬಂದರೆ ಎಲ್ಲ ನಿಲ್ಲುತ್ತದೆ. ನಿಮ್ಮ ಪುಟದಲ್ಲಿ ಇಂಥದ್ದಕ್ಕೆ ಜಾಗ ಇದೆಯೇ? (ಹುಬ್ಬಳ್ಳಿ)

ಉತ್ತರ: ಇದೆ, ಧಾರಾಳವಾಗಿ ಇದೆ. ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು.

ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಗೋಲ್ಡನ್ ಡಾನ್ ಎನ್ನುವುದು 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಒಂದು ಗುಪ್ತ ಮಂಡಳಿ. ಕವಿ ಯೇಟ್ಸ್ ಕೂಡ ಅದರ ಸದಸ್ಯರಾಗಿದ್ದರು. ಯಹೂದಿಗಳ ರಹಸ್ಯವಿದ್ಯೆ ಕಬ್ಬಾಲ, ಈಜಿಪ್ಟಿನ ದೇವತೆಗಳು, ಟ್ಯಾರೋ ಎಲ್ಲವನ್ನೂ ಸೇರಿಸಿ ಒಂದು ಸಾಧನಾಕ್ರಮ ಕಟ್ಟಿದರು. ನಮ್ಮ ಪಂಚತತ್ತ್ವಗಳೂ ಅದರಲ್ಲಿ ಸೇರಿಕೊಂಡಿವೆ. ಹಳದಿ ಚೌಕ ಪೃಥ್ವಿ, ಬೆಳ್ಳಿಯ ಅರ್ಧಚಂದ್ರ ನೀರು, ಕೆಂಪು ತ್ರಿಕೋನ ಬೆಂಕಿ, ನೀಲಿ ವೃತ್ತ ಗಾಳಿ, ಕಪ್ಪು ಮೊಟ್ಟೆ ಆಕಾಶ. ಈ ಚಿತ್ರಗಳನ್ನು ದಿಟ್ಟಿಸಿ ಧ್ಯಾನ ಮಾಡುವುದು ಅವರ ಪಾಠಗಳಲ್ಲಿ ಒಂದು. ಅವರಿಗೆ ಇದು ಸಿಕ್ಕಿದ್ದು ಥಿಯಾಸಫಿಯ (ಬ್ರಹ್ಮವಿದ್ಯಾ ಸಮಾಜದ) ವಲಯದಲ್ಲಿ ಆಗ ಪ್ರಕಟವಾಗಿದ್ದ, ಸ್ವರಶಾಸ್ತ್ರ (ಸಂಗೀತದ್ದಲ್ಲ, ಉಸಿರಿನದ್ದು) ಕುರಿತ ಒಬ್ಬ ಭಾರತೀಯ ಲೇಖಕರ ಇಂಗ್ಲಿಷ್ ಪುಸ್ತಕದಿಂದ. ದಾವಣಗೆರೆಯ ಮೇಡಂಗೆ ಮೇಲೆ ಹೇಳಿದ ಲಂ, ಹಂ, ಯಂ, ರಂ, ವಂ ಇದೇ ಐದು ಭೂತಗಳದ್ದು.

ಈಗ ನಿಮ್ಮ ಪೆಂಟಗ್ರಾಮ್ ವಿಧಿ ನೋಡೋಣ. ಮೊದಲು ಹಣೆ, ಎದೆ, ಭುಜಗಳನ್ನು ಮುಟ್ಟಿ ಕಬ್ಬಾಲದ ಶಿಲುಬೆ. ಆಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ನಕ್ಷತ್ರ. ಆಮೇಲೆ ನಾಲ್ವರು ದೇವದೂತರು: ಮುಂದೆ ರಫೇಲ್, ಹಿಂದೆ ಗೇಬ್ರಿಯಲ್, ಬಲಕ್ಕೆ ಮೈಕೇಲ್, ಎಡಕ್ಕೆ ಯೂರಿಯಲ್. ಕೊನೆಗೆ ಮತ್ತೆ ಅದೇ ಶಿಲುಬೆ. ನಮ್ಮಲ್ಲಿ ಜಪಕ್ಕೆ ಮುಂಚೆ ಮೈಯ ಅಂಗಗಳನ್ನು ಮುಟ್ಟಿ ಮಂತ್ರ ಹೇಳುವ ಅಂಗನ್ಯಾಸ ಮಾಡಿ 'ಭೂರ್ಭುವಸ್ಸುವರೋಮಿತಿ ದಿಗ್ಬಂಧಃ' ಎಂದು ದಿಕ್ಕು ಕಟ್ಟುತ್ತಾರೆ. ಜಪ ಮುಗಿದ ಮೇಲೆ ದಿಗ್ವಿಮೋಕ ಎಂದು ಬಿಚ್ಚುತ್ತಾರೆ. ಎರಡಕ್ಕೂ ಆರಂಭ ಇದೆ, ಮುಕ್ತಾಯ ಇದೆ. ಅಂದರೆ ಆ ವಿಧಿ ಒಂದೇ ಸಾಕು, ಅದು ತನ್ನಷ್ಟಕ್ಕೆ ಪೂರ್ತಿ. ಬಾಯಿಪಾಠ ಆದವರಿಗೆ ಐದಾರು ನಿಮಿಷ. ಪರೀಕ್ಷೆಯ ತಿಂಗಳು ಅದೊಂದೇ ಮಾಡಿ. ಮಿಡಲ್ ಪಿಲ್ಲರ್ ಭಾನುವಾರಕ್ಕೆ ಇಟ್ಟುಕೊಳ್ಳಿ.

ನಗುವವರ ವಿಷಯ. ಕೈ ಬೀಸುವುದನ್ನು ಬಿಟ್ಟು, ಗೋಡೆಗೆ ಒರಗಿ ಕೂತು, ಇಡೀ ವಿಧಿಯನ್ನು ಮನಸ್ಸಿನಲ್ಲೇ ನಡೆಸಿ. ನೀವೇ ಎದ್ದು ನಿಂತು ತಿರುಗುವುದನ್ನು, ಬೆರಳ ತುದಿಯಿಂದ ನೀಲಿ ಬೆಂಕಿಯ ಗೆರೆ ಬರುವುದನ್ನು ಕಣ್ಣು ಮುಚ್ಚಿ ನೋಡಿ. ಅವಸರದಲ್ಲಿ ಕೈ ಬೀಸುವುದಕ್ಕಿಂತ ಇದು ಕಷ್ಟ. ನೋಡುವವರಿಗೆ ಮಾತ್ರ ನೀವು ನಿದ್ದೆ ಹೊಡೆಯುತ್ತಿರುವಂತೆ ಕಾಣುತ್ತೀರಿ. ಪಿಜಿಯಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.

ನಿಮ್ಮವರಿಂದ ನಾವು ಕಲಿಯಬೇಕಾದ್ದೂ ಒಂದಿದೆ, ಡೈರಿ. ಆ ಮಂಡಳಿಯಿಂದ ಬಂದ ಇಂಗ್ಲಿಷ್ ಮಾಂತ್ರಿಕ ಅಲೀಸ್ಟರ್ ಕ್ರೌಲಿ 1901ರಲ್ಲಿ ಸಿಲೋನಿನಲ್ಲಿ ಯೋಗಾಭ್ಯಾಸ ಮಾಡಿದವನು. ಅವನ ಬದುಕಿನಲ್ಲಿ ನನಗೆ ಹಿಡಿಸದ್ದು ಬಹಳ ಇದೆ. ಆದರೆ ತಾರೀಖು, ಹೊತ್ತು, ಎಷ್ಟು ನಿಮಿಷ, ಮನಸ್ಸು ಹೇಗಿತ್ತು ಎಂದು ದಿನಾ ಬರೆದಿಡಬೇಕು ಎಂದು ಅವನು ಶಿಷ್ಯರಿಗೆ ಹಟ ಹಿಡಿದದ್ದು ಒಳ್ಳೆಯದೇ. ಸೂರ್ಯನಿಗೆ ದಿನಕ್ಕೆ ನಾಲ್ಕು ಸಲ ನಮಸ್ಕರಿಸುವ ಕ್ರಮವನ್ನೂ ಅವನು ಮಾಡಿಟ್ಟ: ಬೆಳಗ್ಗೆ ಪೂರ್ವಕ್ಕೆ, ಮಧ್ಯಾಹ್ನ ದಕ್ಷಿಣಕ್ಕೆ, ಸಂಜೆ ಪಶ್ಚಿಮಕ್ಕೆ, ನಡುರಾತ್ರಿ ಉತ್ತರಕ್ಕೆ. ಒಂದೊಂದಕ್ಕೆ ಒಂದು ನಿಮಿಷವೂ ಬೇಡ. ಹೊತ್ತಿಲ್ಲದ ವಿದ್ಯಾರ್ಥಿಗೆ ಹೇಳಿ ಮಾಡಿಸಿದ್ದು. ನಡುರಾತ್ರಿಯದ್ದು ಹೇಗೂ ಪರೀಕ್ಷೆ ಸಮಯದಲ್ಲಿ ತಪ್ಪುವುದಿಲ್ಲ.

ಪ್ರಶ್ನೆ: ವಕೀಲರ ಕಚೇರಿಯಲ್ಲಿ ಗುಮಾಸ್ತ. ದಿನಕ್ಕೆ ಒಂದು ಗಂಟೆ ಖಂಡಿತ ಸಿಗುತ್ತದೆ. ಪಂಚಾಕ್ಷರಿ ಮಂತ್ರದ ಪುರಶ್ಚರಣೆ (ಸಂಖ್ಯೆ ಗೊತ್ತುಮಾಡಿಕೊಂಡು ಮಾಡುವ ಜಪ) ಮಾಡಬೇಕೆಂದು ಆಸೆ. ಸಂಸಾರಿಗಳಿಗೆ ಇದು ಆಗುವ ಮಾತೇ? (ಶಿರಸಿ)

ಉತ್ತರ: ಆಗುತ್ತದೆ. ಆದರೆ ಲೆಕ್ಕ ಹಾಕಿ ಇಳಿಯಿರಿ. ಅಕ್ಷರಕ್ಕೆ ಒಂದು ಲಕ್ಷದಂತೆ ಐದಕ್ಷರಕ್ಕೆ 5 ಲಕ್ಷ ಜಪ. 108 ಮಣಿಯ ಮಾಲೆಯನ್ನು 100 ಎಂದು ಹಿಡಿಯುತ್ತಾರೆ, ಉಳಿದ 8 ನಡುವೆ ಆಗುವ ತಪ್ಪುಗಳಿಗೆ. ಒಂದು ಮಾಲೆಗೆ ನಾಲ್ಕು ನಿಮಿಷವಾದರೆ 10 ಮಾಲೆಗೆ 40 ನಿಮಿಷ. ದಿನಕ್ಕೆ ಸಾವಿರ, ಒಟ್ಟು 500 ದಿನ. ಸುಮಾರು ಒಂದು ವರ್ಷ ನಾಲ್ಕೂವರೆ ತಿಂಗಳು. ಆಮೇಲೆ ಹತ್ತರಲ್ಲಿ ಒಂದು ಪಾಲು ಹೋಮ, ಅಂದರೆ 50,000 ಆಹುತಿ. ಅದರ ಹತ್ತರಲ್ಲಿ ಒಂದು ತರ್ಪಣ 5,000, ಮಾರ್ಜನ (ನೀರು ಚಿಮುಕಿಸುವುದು) 500, ಕೊನೆಗೆ 50 ಜನರಿಗೆ ಊಟ. ಹೋಮ ಆಗದವರು ಅದರ ಎರಡರಷ್ಟು ಜಪ ಮಾಡುವ ಪದ್ಧತಿಯೂ ಇದೆ. ಹಾಗಾದರೆ ಇನ್ನೂ ಒಂದು ಲಕ್ಷ, ಇನ್ನೂ 100 ದಿನ.

ಕಷ್ಟ ಇರುವುದು ಗಂಟೆಯಲ್ಲಿ ಅಲ್ಲ. ಇವತ್ತು ರಜೆ ಎಂದು 30 ಮಾಲೆ, ನಾಳೆ ಕೋರ್ಟು ಎಂದು 2 ಮಾಲೆ, ಹೀಗೆ ಮಾಡುವ ಹಾಗಿಲ್ಲ. ದಿನಾ ಅಷ್ಟೇ, ಅದೇ ಜಾಗ, ಅದೇ ಆಸನ, ಊಟದಲ್ಲಿ ಹಿತಮಿತ, ಬ್ರಹ್ಮಚರ್ಯ. ಇದು ಸಂಕಲ್ಪ ಹಿಡಿದು ಮಾಡುವ ಕೆಲಸ, ಶಿಕ್ಷಕಿಗೆ ಹೇಳಿದ ರಿಯಾಯಿತಿ ಇಲ್ಲಿ ಇಲ್ಲ. ಮನೆಯವರ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ಮೊದಲು ಒಂದು ಮಂಡಲ, 48 ದಿನ, ದಿನಕ್ಕೆ 10 ಮಾಲೆ ಮಾಡಿ ನೋಡಿ. ಅದು ತಪ್ಪದೆ ನಡೆದರೆ ಮುಂದಿನದ್ದನ್ನು ಗುರುಗಳ ಹತ್ತಿರ ಮಾತಾಡಿ.

ಪ್ರಶ್ನೆ: ಸ್ಟಾಕ್‌ಹೋಮಿನಲ್ಲಿ ಕೆಲಸ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಮುಕ್ಕಾಲು ಒಂಬತ್ತರ ಹತ್ತಿರ, ಮುಳುಗುವುದು ಮೂರಕ್ಕೆ ಮುಂಚೆ. ಎರಡೂ ಸಂಧ್ಯೆ ಆಫೀಸಿನಲ್ಲೇ ಕಳೆಯುತ್ತವೆ. ಜೂನಿನಲ್ಲಿ ರಾತ್ರಿ ಹತ್ತಾದರೂ ಬಿಸಿಲು. ಸಂಧ್ಯಾವಂದನೆ ಯಾವಾಗ ಮಾಡಲಿ? (ಊರು ತೀರ್ಥಹಳ್ಳಿ)

ಉತ್ತರ: ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ, ಸಂಜೆ ಮನೆಗೆ ಬಂದ ಮೇಲೆ. ಕಾಲ ಮೀರಬಹುದು ಎಂದು ಹಿಂದಿನವರಿಗೂ ಗೊತ್ತಿತ್ತು. ಅದಕ್ಕೇ ಮೂರು ಅರ್ಘ್ಯದ ಮೇಲೆ ನಾಲ್ಕನೆಯದು ಪ್ರಾಯಶ್ಚಿತ್ತಾರ್ಘ್ಯ ಎಂದು ಇಟ್ಟಿದ್ದಾರೆ. ತಡವಾಗುವುದಕ್ಕೆ ಮಂತ್ರದಲ್ಲೇ ಜಾಗ ಇರುವಾಗ ನಿಮಗೇಕೆ ಚಿಂತೆ? ಗಾಯತ್ರಿ 1008, 108, 28, ಕಡೆಗೆ 10 ಆದರೂ ಸರಿ ಎಂದಿದೆ. 10 ಗಾಯತ್ರಿಗೆ ಒಂದೂವರೆ ನಿಮಿಷ. ಅರ್ಘ್ಯದ ನೀರನ್ನು ಅಗಲವಾದ ಬಟ್ಟಲಲ್ಲಿ ಹಿಡಿದು ಆಮೇಲೆ ಗಿಡಕ್ಕೆ ಹಾಕಿ, ಮರದ ನೆಲ ಹಾಳು ಮಾಡಿಕೊಳ್ಳಬೇಡಿ. ಮನೆ ಓನರ್ ಡಿಪಾಸಿಟ್ ಹಿಡಿದುಕೊಂಡಾರು.

ಪ್ರಶ್ನೆ: ನಾನು ಬಸ್ ಕಂಡಕ್ಟರ್. ಬೆಳಗ್ಗೆ ಐದಕ್ಕೇ ಡ್ಯೂಟಿ. ಇಷ್ಟಲಿಂಗ ಪೂಜೆ ಮನೆಯಲ್ಲಿ ಆಗುವುದಿಲ್ಲ. ಡಿಪೋದ ರೆಸ್ಟ್ ರೂಮಿನಲ್ಲಿ ಮಾಡಿದರೆ ನಡೆಯುತ್ತದೆಯೇ? (ಕಲಬುರಗಿ)

ಉತ್ತರ: ದೇವರನ್ನು ಮೈಮೇಲೆ ಧರಿಸಿಕೊಂಡು ಓಡಾಡುವವರು ನೀವು. ಜಾಗ ಕೇಳುತ್ತೀರಲ್ಲ! ಮುಖ ಕೈಕಾಲು ತೊಳೆದು, ಒಂದು ಮೂಲೆಯಲ್ಲಿ ಟವಲ್ ಹಾಸಿ ಕೂರಿ. ಜೇಬಿನಲ್ಲಿ ವಿಭೂತಿಗಟ್ಟಿ, ಚಿಕ್ಕ ಬಾಟಲಿಯಲ್ಲಿ ನೀರು, ಸಿಕ್ಕರೆ ಒಂದು ಪತ್ರೆ. ಎಡ ಅಂಗೈಯಲ್ಲಿ ಲಿಂಗ ಇಟ್ಟು ರೆಪ್ಪೆ ಆದಷ್ಟು ಮಿಟುಕಿಸದೆ ನೋಡುತ್ತಾ ಪಂಚಾಕ್ಷರಿ ಹೇಳಿ. ನಮ್ಮ ಪಕ್ಕದ ಮನೆಯ ಅಕ್ಕ ಹೇಳುವಂತೆ, ಆ ನೋಟ ನೆಟ್ಟರೆ ಐದು ನಿಮಿಷವೂ ಜಾಸ್ತಿಯೇ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರ ಕಥೆ ನಿಮಗೆ ಗೊತ್ತಿರಬೇಕು. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿದ್ದರೂ ಕಾಯಕ ನಿಲ್ಲಿಸದ ಶರಣರು ಅವರು. ನಿಮ್ಮ ಟಿಕೆಟ್ ಹರಿಯುವುದೂ ಕಾಯಕವೇ, ಚಿಲ್ಲರೆ ಸರಿಯಾಗಿ ಕೊಡುವುದಾದರೆ.

ಪ್ರಶ್ನೆ: ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ. ಕಡಿಮೆ ದಿನದಲ್ಲಿ ಸಿದ್ಧಿಯಾಗುವ ವಶೀಕರಣ ಮಂತ್ರ ತಿಳಿಸಿ. (ಹೆಸರು, ಊರು ಬೇಡ)

ಉತ್ತರ: ಇಲ್ಲ. ಬಸ್ಸು ಹತ್ತಿ ಹೋಗಿ ಮಾತಾಡಿ. ಅವರು ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಗ್ಯಾರಂಟಿ ಎಂದು ಜಾಹೀರಾತು ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಜಪಕ್ಕೆ ಬೆರಳಿಗೆ ಹಾಕುವ ಡಿಜಿಟಲ್ ಕೌಂಟರ್ ಬಳಸಬಹುದೇ? ಮನೆಯ ಹಿರಿಯರು ಬೇಡ ಎನ್ನುತ್ತಾರೆ. (ಮಂಡ್ಯ)

ಉತ್ತರ: ಬಳಸಿ. ನೋಟು ಎಣಿಸುವ ಯಂತ್ರ ಬಂದಾಗ ನಮ್ಮ ಹಳೆಯ ಹೆಡ್ ಕ್ಯಾಶಿಯರ್ ಕೂಡ ಹೀಗೇ ಮುಖ ಸಿಂಡರಿಸಿದ್ದರು. ದೀಕ್ಷೆ ಆದ ಮಂತ್ರಕ್ಕೆ ಮಾತ್ರ ಮಾಲೆಯೇ ಇರಲಿ, ಅದಕ್ಕೆ ಬೇರೆ ನಿಯಮಗಳಿವೆ. ಕೊಳ್ಳುವಾಗ ಸದ್ದು ಮಾಡದ ಬಟನ್ ಇರುವುದನ್ನೇ ನೋಡಿ ತೆಗೆದುಕೊಳ್ಳಿ. ಬೆಳಗಿನ ಜಾವ ಟಿಕ್ ಟಿಕ್ ಕೇಳಿ ಎಚ್ಚರವಾದರೆ ಆ ಹಿರಿಯರು ಆಮೇಲೆ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ.